ಪಾಡ್ದನ ಉಂಟು, ಪಟ್ಟಾಂಗ ಇಲ್ಲ: ಉಡುಪಿ ಸೀಮೆಯ ಹಳೆಯ ಧ್ವನಿಮುದ್ರಣಗಳು

"ಇತ್ತೆದ ಜೋಕ್ಲೆಗ್ ತುಳು ಬರ್ಪುಜಿ." ಉಡುಪಿ ಸೀಮೆಯ ಯಾವ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಈ ಮಾತು ಕಿವಿಗೆ ಬೀಳುತ್ತದೆ. ಈಗಿನ ಮಕ್ಕಳಿಗೆ ತುಳು ಬರುವುದಿಲ್ಲ, ಬಂದರೂ ಅದರ ರಾಗ ಬೇರೆ ಎಂಬ ದೂರು. ಕಾರ್ಕಳದ ಹಿರಿಯರು ಮಣಿಪಾಲದ ಫ್ಲ್ಯಾಟಿನಲ್ಲಿ ಬೆಳೆದ ಮೊಮ್ಮಕ್ಕಳ ಬಗ್ಗೆ ಹೀಗೆ ಹೇಳುತ್ತಾರೆ. ಕಾಪುವಿನವರು ಮುಂಬೈಯಿಂದ ರಜೆಗೆ ಬಂದ ನೆಂಟರ ಬಗ್ಗೆ ಹೇಳುತ್ತಾರೆ. ದೂರಿನಲ್ಲಿ ಹುರುಳಿರಬಹುದು. ಆದರೆ ಐವತ್ತು, ನೂರು ವರ್ಷಗಳ ಹಿಂದೆ ಇಲ್ಲಿನವರ ಬಾಯಲ್ಲಿ ಮಾತು ಹೇಗಿತ್ತು ಎಂಬುದನ್ನು ಯಾವ ಆಧಾರದ ಮೇಲೆ ಹೇಳುವುದು? ನೆನಪನ್ನು ನಂಬಿ ಇದನ್ನು ತೀರ್ಮಾನಿಸಲಾಗದು. ಸುತ್ತಲಿನವರ ಉಚ್ಚಾರ ನಿಧಾನವಾಗಿ ಬದಲಾದಂತೆ ನಮ್ಮ ಕಿವಿಯೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಅಜ್ಜಿಯ ಮಾತು ನೆನಪಿದೆ ಎಂದುಕೊಂಡವರಿಗೂ ಅವರು ಹೇಳಿದ ಸಂಗತಿ ನೆನಪಿರುತ್ತದೆ, ಅವರ ಸ್ವರದ ಎಳೆತ ನೆನಪಿರುವುದಿಲ್ಲ. ಹಾಗಾಗಿ ಈ ಪ್ರಶ್ನೆ ಕೊನೆಗೆ ಧ್ವನಿಮುದ್ರಣಕ್ಕೇ ಬಂದು ನಿಲ್ಲುತ್ತದೆ.

ಧ್ವನಿಮುದ್ರಣಕ್ಕೆ ಮೊದಲು ಬರಹವಿತ್ತು. ಬಾಸೆಲ್ ಮಿಷನ್ನಿನ ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಪ್ರಕಟಿಸಿದರು, ಮ್ಯಾನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ತಂದರು. ಇವು ದೊಡ್ಡ ಕೆಲಸಗಳು. ಆದರೂ ಲಿಪಿಗೆ ಒಂದು ಮಿತಿ ಇದೆ, ಅದು ತುಳುವಿನಲ್ಲಿ ಬೇಗ ಎದುರಾಗುತ್ತದೆ. "ಯಾನ್ ಬರ್ಪೆ" ಎಂದರೆ ನಾನು ಬರುತ್ತೇನೆ, "ಆಯೆ ಬರ್ಪೆ" ಎಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡೂ ಕ್ರಿಯಾಪದ ಒಂದೇ. ಬಾಯಲ್ಲಿ ಒಂದೇ ಅಲ್ಲ. ನಾನು ಬರುವ 'ಬರ್ಪೆ'ಯ ಕೊನೆಯ ಸ್ವರಕ್ಕೆ ಬಾಯಿ ಹೆಚ್ಚು ತೆರೆಯಬೇಕು, ಅವನು ಬರುವ 'ಬರ್ಪೆ'ಗೆ ಅಷ್ಟು ತೆರೆಯಬೇಕಾಗಿಲ್ಲ. ಯಾರು ಬರುತ್ತಾರೆ ಎಂಬುದೇ ಆ ಒಂದು ಸ್ವರದ ಮೇಲೆ ನಿಂತಿದೆ. ಮನೆಯಲ್ಲಿ ತುಳು ಕೇಳಿ ಬೆಳೆದ ಮಗು ಇದನ್ನು ತಪ್ಪುವುದಿಲ್ಲ. ಕನ್ನಡ ಅಕ್ಷರದಲ್ಲಿ ಓದಿ ಕಲಿತವರು ತಪ್ಪುತ್ತಾರೆ. ಈ ಭೇದ ಹಿಂದೆ ಎಷ್ಟು ಗಟ್ಟಿಯಾಗಿತ್ತು, ಈಗ ಯಾರ ಬಾಯಲ್ಲಿ ಸವೆಯುತ್ತಿದೆ ಎಂದು ತಿಳಿಯಬೇಕಾದರೆ ಸಾವಿರ ಪುಟ ಓದಿದರೂ ಪ್ರಯೋಜನವಿಲ್ಲ, ಕೇಳಬೇಕು.

ಇನ್ನೊಂದು ತೊಡಕು: 'ಹಳೆಯ ಉಚ್ಚಾರ' ಎಂಬ ಒಂದೇ ವಸ್ತು ಇಲ್ಲಿ ಯಾವತ್ತೂ ಇರಲಿಲ್ಲ. ತಲೆಗೆ ಹಲವರು 'ತರೆ' ಎಂದರೆ ಜೈನರ ತುಳುವಿನಲ್ಲಿ ಅದು 'ಹರೆ'. ದಾರಿಗೆ ಹೆಚ್ಚಿನವರು ಹೇಳುವ 'ಸಾದಿ' ಅವರಲ್ಲಿ 'ಹಾದಿ'. ಕಾರ್ಕಳದಂಥ ಊರಿನಲ್ಲಿ ಒಂದೇ ಬೀದಿಯಲ್ಲಿ ಈ ಎರಡೂ ಕೇಳಿಸುತ್ತಿದ್ದವು. ಉಡುಪಿಯ ಶಿವಳ್ಳಿ ಬ್ರಾಹ್ಮಣರ ತುಳುವಿನಲ್ಲಿ ಳ, ಣ ಖಚಿತವಾಗಿ ನಿಂತರೆ, ಬೇರೆ ಅನೇಕರ ಮಾತಿನಲ್ಲಿ ಅವು ಲ, ನ ಕಡೆಗೆ ವಾಲುತ್ತವೆ. ಕಾಪುವಿನ ಕಡಲ ಕರೆಯಲ್ಲಿ ಮೊಗವೀರರ ತುಳು, ಅದರ ಪಕ್ಕದಲ್ಲೇ ಬ್ಯಾರಿ. ಪೇಟೆಯಲ್ಲಿ ಕೊಂಕಣಿ. ಬ್ರಹ್ಮಾವರ ದಾಟಿ ಬಡಗಿಗೆ ಹೋದರೆ ಕುಂದಗನ್ನಡ. ಪದ್ಮನಾಭ ಕೇಕುಣ್ಣಾಯರು ತುಳುವಿನ ಉಪಭಾಷೆಗಳನ್ನು ಹೋಲಿಸಿ ಬರೆದ ಇಂಗ್ಲಿಷ್ ಪುಸ್ತಕವನ್ನು ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1994ರಲ್ಲಿ ಹೊರತಂದಿತು. ಅದೇ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತಯಾರಾದ ತುಳು ನಿಘಂಟಿನ ಆರು ಸಂಪುಟಗಳು 1988ರಿಂದ 1997ರ ನಡುವೆ ಬಂದವು. ಒಂದೇ ಶಬ್ದಕ್ಕೆ ಎಷ್ಟು ಬಾಯಿಗಳಲ್ಲಿ ಎಷ್ಟು ರೂಪ ಎಂಬುದು ಅಲ್ಲಿ ದಾಖಲಾಗಿದೆ. ಹಳೆಯ ಧ್ವನಿಯೊಂದು ಕೈಗೆ ಸಿಕ್ಕಾಗ ಮೊದಲು ಕೇಳಬೇಕಾದದ್ದು ಅದು ಯಾವ ಕಾಲದ್ದು ಎಂದಲ್ಲ, ಯಾರದ್ದು, ಯಾವ ಗ್ರಾಮದ್ದು ಎಂದು. ಅದು ತಿಳಿಯದೆ 'ಆಗ ಹೀಗಿತ್ತು, ಈಗ ಹೀಗಾಗಿದೆ' ಎಂದರೆ ಕಾಲದ ವ್ಯತ್ಯಾಸ ಎಂದು ನಾವು ಭಾವಿಸಿದ್ದು ಬರೇ ಎರಡು ಕೇರಿಗಳ ವ್ಯತ್ಯಾಸ ಆಗಿರಬಹುದು.

ಎಡಿಸನ್ ಫೋನೋಗ್ರಾಫ್ ಮಾಡಿದ್ದು 1877ರಲ್ಲಿ. ಗ್ರಾಮೋಫೋನ್ ಕಂಪನಿಯ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಹಾಡಿದ್ದನ್ನು ಮುದ್ರಿಸಿಕೊಂಡದ್ದು 1902ರಲ್ಲಿ. ಕಂಪನಿಗೆ ಬೇಕಾದದ್ದು ಮಾರಾಟವಾಗುವ ಹಾಡು, ಮಾತಲ್ಲ. ಮಾತನ್ನೇ ಹುಡುಕಿ ಹೋದದ್ದು ಸರ್ಕಾರ. ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆ 179 ಭಾಷೆ, 544 ಉಪಭಾಷೆಗಳನ್ನು ಎಣಿಸಿದ ಮಹಾಕಾರ್ಯ. ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದು ಅದರ ಮೂಲ ವ್ಯಾಪ್ತಿಯಿಂದ ಹೊರಗೇ ಉಳಿದವು. ಆದರೆ ಸಮೀಕ್ಷೆಯ ಜೊತೆಜೊತೆಗೆ ನಡೆದ ಗ್ರಾಮೋಫೋನ್ ಮುದ್ರಣದಲ್ಲಿ ಮದ್ರಾಸೂ ಸೇರಿತು. ಆ ಪ್ರಾಂತ್ಯದ ಭಾಷೆ, ಉಪಭಾಷೆಗಳ ತಟ್ಟೆಗಳಲ್ಲಿ ಏನು ಹೇಳಿದೆ ಎಂಬ ಪಠ್ಯವನ್ನು ಮದ್ರಾಸಿನ ಸರ್ಕಾರಿ ಮ್ಯೂಸಿಯಂ 1927ರಲ್ಲಿ ಪುಸ್ತಕ ಮಾಡಿತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೇ ಸೇರಿದ ಜಿಲ್ಲೆ. ಸಮೀಕ್ಷೆಯ ಹಳೆಯ ತಟ್ಟೆಗಳನ್ನು ಶಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಗ್ರಂಥಾಲಯದಲ್ಲಿ ಈಗ ಯಾರು ಬೇಕಾದರೂ ಕೇಳಬಹುದು.

ಕೇಳಿದರೆ ಮೊದಲು ಕಿವಿಗೆ ಬೀಳುವುದು ಸರಸರ ಸದ್ದು. ಅದರ ಹಿಂದೆ ಯಾರೋ ದೂರದಿಂದ ಕೂಗಿ ಹೇಳುವ ಹಾಗೆ ಒಂದು ಧ್ವನಿ. ಬೈಬಲಿನ ತಪ್ಪಿಹೋದ ಮಗನ ಕತೆ ಗ್ರಿಯರ್ಸನ್ನರ ಮಾದರಿ ಪಾಠ. ಎಲ್ಲ ಭಾಷೆಗಳಲ್ಲೂ ಅದೇ ಕತೆ ಇದ್ದರೆ ಹೋಲಿಸುವುದು ಸುಲಭ ಎಂಬುದು ಅವರ ಲೆಕ್ಕ. ಹೋಲಿಕೆಗೆ ಅದು ಒಳ್ಳೆಯದೇ. ಆದರೆ ಬರೆದದ್ದನ್ನು ಗಟ್ಟಿಯಾಗಿ ಓದಿಸಿದಾಗ ಹೊರಡುವುದು ಓದಿನ ಧ್ವನಿ, ಮನೆಯ ಮಾತಿನದ್ದಲ್ಲ.

ಯಂತ್ರದ ತೊಡಕು ಇನ್ನೂ ದೊಡ್ಡದು. ವಿದ್ಯುತ್ ಮೈಕಿನಿಂದ ಮುದ್ರಿಸುವುದು 1925ರಿಂದ ಶುರುವಾಯಿತು. ಅದಕ್ಕೆ ಮೊದಲು ಮಾತಾಡುವವರು ದೊಡ್ಡ ಕೊಂಬಿನ ಬಾಯಿಗೆ ಮುಖ ಕೊಟ್ಟು ಗಂಟಲೆತ್ತಿ ಹೇಳಬೇಕಿತ್ತು, ಆ ಒತ್ತಡದಿಂದಲೇ ಮೊಳೆ ಮೇಣವನ್ನು ಕೊರೆಯುತ್ತಿತ್ತು. ಸುಮಾರು 3,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಆ ಕೊಂಬಿಗೆ ಬಹುಪಾಲು ಸಿಗುತ್ತಲೇ ಇರಲಿಲ್ಲ. ನಾವು ಸ ಎನ್ನುವಾಗ ಹಲ್ಲಿನ ಸಂದಿಯಿಂದ ಹೊರಡುವ ಸೀಟಿಯ ಶಕ್ತಿ ಹೆಚ್ಚಾಗಿ ಇರುವುದು 4,000 ಹರ್ಟ್ಸ್ ಮತ್ತು ಅದರ ಮೇಲೆ. ಅಂದರೆ ತುಳುವಿನ ಕೇರಿ ಕೇರಿಗಳನ್ನು ಬೇರೆ ಮಾಡುವ ತ, ಸ, ಹಗಳ ಭೇದ ಇದೆಯಲ್ಲ, ಸರಿಯಾಗಿ ಅದನ್ನೇ ಆ ಕಾಲದ ಯಂತ್ರ ಮಸುಕು ಮಾಡುತ್ತದೆ. 'ಸಾದಿ'ಯ ಸಕಾರ ಕೊಂಬಿನೊಳಗೆ ಕರಗಿ ಬರೀ ಉಸಿರಾಗಿ ಉಳಿದರೆ, ನೂರು ವರ್ಷ ಬಿಟ್ಟು ಕೇಳುವವರಿಗೆ ಅದು 'ಹಾದಿ' ಎಂದೇ ಕೇಳಿಸಬಹುದು. ಹಳೆಯ ಫೋನಿನಲ್ಲಿ ಹೆಸರು ಹೇಳುವಾಗ ಸ ಎಂದದ್ದು ಫ ಎಂದು ಕೇಳಿಸುತ್ತಿದ್ದದ್ದೂ ಇದೇ ಕಾರಣಕ್ಕೆ. ಇನ್ನು ತಟ್ಟೆ ತಿರುಗುವ ವೇಗ. 78 ಸುತ್ತು ಎಂಬುದು ಎಲ್ಲ ಕಡೆ ನಿಖರವಾಗಿ ನಿಲ್ಲುವ ಮೊದಲು ಹೆಚ್ಚು ಕಡಿಮೆ ಆಗುತ್ತಲೇ ಇತ್ತು. ಈಗ ತಪ್ಪು ವೇಗದಲ್ಲಿ ತಿರುಗಿಸಿದರೆ ಧ್ವನಿಯ ಎತ್ತರ ಮಾತ್ರವಲ್ಲ, ಸ್ವರಗಳ ಬಣ್ಣವೂ ಬದಲಾಗುತ್ತದೆ. ಕೂಗಿ ಹೇಳಿದಾಗ ಬಾಯಿ ಹೆಚ್ಚು ತೆರೆಯುತ್ತದೆ, ಅದರಿಂದಲೂ ಸ್ವರ ಬದಲಾಗುತ್ತದೆ. ಹಳೆಯ ತಟ್ಟೆಯೊಂದನ್ನು ಕೇಳಿದ ಕೂಡಲೇ 'ನೋಡಿ, ಆಗಿನವರು ಹೀಗೆ ಹೇಳುತ್ತಿದ್ದರು' ಎನ್ನುವವರನ್ನು ಕಂಡರೆ ನನಗೆ ತಡೆದು ಹೇಳಬೇಕೆನಿಸುತ್ತದೆ. ಯಂತ್ರದ ಪಾಲನ್ನು ಕಳೆದ ಮೇಲೆಯೇ ಮನುಷ್ಯರ ಪಾಲು ಎಷ್ಟೆಂದು ತಿಳಿಯುವುದು.

ಸಂಶೋಧಕರು ಬಂದು ಹೋದ ಇನ್ನೊಂದು ದಾರಿ ಉಂಟು. ಡಚ್ ಸಂಗೀತಶಾಸ್ತ್ರಜ್ಞ ಆರ್ನಲ್ಡ್ ಬಾಕೆ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಊರುಗಳಲ್ಲಿ ಸುತ್ತಿ ಹಾಡು, ಕುಣಿತಗಳನ್ನು ಮುದ್ರಿಸಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹಿಡಿದುಕೊಂಡು ಅದೇ ಊರುಗಳನ್ನು ಹುಡುಕಿ ಹೋದರು, ಅಲ್ಲಿನವರಿಗೆ ಕೇಳಿಸಿದರು, ಅದೇ ಕಲೆಗಳನ್ನು ಹೊಸದಾಗಿ ದಾಖಲಿಸಿದರು. ಸಂಗೀತಕ್ಕೆ ಮಾಡಿದ ಈ ಕೆಲಸ ಮಾತಿಗೂ ಸರಿಯಾದ ಮಾದರಿ. ಒಂದು ಮುದ್ರಣ ಚರಿತ್ರೆಯಾಗುವುದಿಲ್ಲ. ಅದೇ ಊರಿನ, ಅದೇ ಬಗೆಯ ಎರಡನೆಯ ಮುದ್ರಣ ಸಿಕ್ಕಾಗಲೇ ಬದಲಾವಣೆ ಎಂಬ ಮಾತಿಗೆ ಅರ್ಥ ಬರುತ್ತದೆ.

ಸಿನಿಮಾದಿಂದ ನಮಗೆ ಹೆಚ್ಚೇನೂ ಸಹಾಯವಿಲ್ಲ. 1934ರ ಮೊದಲ ಕನ್ನಡ ಟಾಕಿ 'ಸತಿ ಸುಲೋಚನಾ'ದ ಪ್ರತಿಯೇ ಉಳಿದಿಲ್ಲ. ಶಿವರಾಮ ಕಾರಂತರು ಅದಕ್ಕೂ ಮೊದಲು ತೆಗೆದ ಚಿತ್ರಗಳು ಮೂಕಿ. ಮೊದಲ ತುಳು ಚಿತ್ರ 'ಎನ್ನ ತಂಗಡಿ' ಬರಲು 1971 ಆಗಬೇಕಾಯಿತು. ರೇಡಿಯೊ ಮೈಸೂರಿಗೆ ಎಂ.ವಿ. ಗೋಪಾಲಸ್ವಾಮಿಯವರಿಂದ 1935ರಲ್ಲೇ ಬಂತು, ಧಾರವಾಡಕ್ಕೆ 1950ರಲ್ಲಿ. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ರಂದು. ಅದರ ಪ್ರಸಾರದ ಗೋಪುರ ಇರುವುದು ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ. ಕರಾವಳಿಯ ಮನೆಮನೆಗೆ ತುಳು ಮಾತು ಯಂತ್ರದ ಮೂಲಕ ದಿನನಿತ್ಯ ಬರತೊಡಗಿದ್ದು ಆಗಿನಿಂದ. ಯಾರ ತುಳು ಬಾನುಲಿಯಲ್ಲಿ ಕೇಳಿಸಬೇಕು ಎಂಬ ಪ್ರಶ್ನೆಯೂ ಅಲ್ಲಿಂದ ಎದ್ದಿತು. ಮೈಕಿನ ಮುಂದೆ ಕೂತವರು ತಮ್ಮ ಮನೆಯ ಗುರುತು ಕೊಡುವ ಉಚ್ಚಾರವನ್ನು ಸ್ವಲ್ಪ ಬದಿಗಿಟ್ಟು, ಎಲ್ಲರಿಗೂ ಸಲ್ಲುವ ತುಳುವಿನ ಕಡೆಗೆ ಸರಿದರು. ನಾಟಕದವರು ಹೊಟ್ಟೆ ಹುಣ್ಣಾಗುವಷ್ಟು ನಗಿಸಿ ಜನಪ್ರಿಯ ಮಾಡಿದ್ದೂ ಹೆಚ್ಚು ಕಡಿಮೆ ಅದೇ ತುಳು. ನನ್ನ ಅಂದಾಜಿನಲ್ಲಿ ತುಳುವಿನ ಉಚ್ಚಾರಗಳು ಒಂದಕ್ಕೊಂದು ಹತ್ತಿರ ಬಂದದ್ದಕ್ಕೆ ಶಾಲೆಗಿಂತಲೂ ರೇಡಿಯೊ ಮತ್ತು ನಾಟಕದ ಕ್ಯಾಸೆಟ್ಟುಗಳ ಪಾಲು ಹೆಚ್ಚು.

ನಿಜವಾದ ಭಂಡಾರ ಇರುವುದು ಉಡುಪಿಯಲ್ಲೇ. 1949ರಲ್ಲಿ ಸ್ಥಾಪನೆಯಾದ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರ ಮುಂದಾಳ್ತನದಲ್ಲಿ 1980ರ ದಶಕದಲ್ಲಿ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಬೆಳೆಯಿತು. ಭೂತಕೋಲ, ತುಳುವಿನ ಕಥನ ಹಾಡುಗಳಾದ ಪಾಡ್ದನ, ಯಕ್ಷಗಾನ, ನಾಗಾರಾಧನೆ ಎಲ್ಲವನ್ನೂ ಟೇಪಿಗೂ ವಿಡಿಯೊಕ್ಕೂ ಇಳಿಸುವ ಕೆಲಸ ನಡೆಯಿತು. ಅಮೆರಿಕದ ಪೀಟರ್ ಕ್ಲಾಸ್ ಅದಕ್ಕೂ ಮೊದಲೇ, 1960ರ ದಶಕದ ಕೊನೆಯಿಂದ, ತುಳುನಾಡಿನಲ್ಲಿ ಓಡಾಡಿ ಪಾಡ್ದನ ಮತ್ತು ಸಿರಿ ಆರಾಧನೆಯನ್ನು ಅಧ್ಯಯನ ಮಾಡುತ್ತಿದ್ದರು. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಅನ್ನೆಲಿ ಹೊಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಗೋಪಾಲ ನಾಯ್ಕರ ಬಾಯಿಂದ ಸಿರಿ ಪಾಡ್ದನವನ್ನು ಪೂರ್ತಿ ಮುದ್ರಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಅದೇ ನಾಯ್ಕರು ಮೊದಲು ಹೇಳಿ ಬರೆಸಿದ್ದ ಪಾಠ ಇದಕ್ಕಿಂತ ಎಷ್ಟೋ ಚಿಕ್ಕದು. ಪೆನ್ನಿನ ವೇಗಕ್ಕೆ ಕುಗ್ಗಿದ್ದ ಕಾವ್ಯ ಟೇಪಿನ ಮುಂದೆ ತನ್ನ ನಿಜವಾದ ಉದ್ದಕ್ಕೆ ಹರಡಿಕೊಂಡಿತು.

ಇಷ್ಟೆಲ್ಲ ಇದ್ದರೂ ಉಚ್ಚಾರದ ಚರಿತ್ರೆ ಬರೆಯಲು ಕೂತವರಿಗೆ ಒಂದು ಕೊರತೆ ಕಾಡುತ್ತದೆ. ಮುದ್ರಣವಾದದ್ದೆಲ್ಲ ಹಾಡು, ಭೂತಕೋಲದ ನುಡಿಗಟ್ಟು, ಮದಿಪು, ಯಕ್ಷಗಾನದ ಅರ್ಥಗಾರಿಕೆ, ಭಾಷಣ, ಪ್ರವಚನ. ಅಂದರೆ ಎದ್ದು ನಿಂತು ಹೇಳುವ ಮಾತು. ಕೂತು ಆಡುವ ಮಾತು ಇಲ್ಲ. ಜಗಲಿಯ ಪಟ್ಟಾಂಗ, ಕಾಪುವಿನ ಮೀನು ಮಾರ್ಕೆಟ್ಟಿನ ಚೌಕಾಸಿ, ಬೀಡಿ ಕಟ್ಟುವವರ ಲೋಕಾಭಿರಾಮ, ಅಡುಗೆ ಕೋಣೆಯ ಬೈಗುಳ ಯಾರಿಗೂ ದಾಖಲೆ ಮಾಡಬೇಕಾದ ವಸ್ತು ಎನಿಸಲಿಲ್ಲ. ಪಾಡ್ದನದ ಭಾಷೆ ಹಳೆಯ ರೂಪಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಡುವವರು ಎಳೆಯುವ ಸ್ವರವೂ ರಾಗದ್ದು. ಅದರಿಂದ ಹಾಡಿದವರ ದಿನದ ಮಾತನ್ನು ಊಹಿಸಬಾರದು. ಹೆಂಗಸರು ನಾಟಿ ಗದ್ದೆಯಲ್ಲಿ ಹಾಡಿದ್ದು ಸಿಗುತ್ತದೆ, ಗದ್ದೆಯ ಬದುವಿನಲ್ಲಿ ಕೂತು ಚಾ ಕುಡಿಯುತ್ತ ಆಡಿದ್ದು ಸಿಗುವುದಿಲ್ಲ.

ಆದರೂ ಸಂದಿಗಳಲ್ಲಿ ಸ್ವಲ್ಪ ಉಳಿದಿದೆ. ಜನಪದ ಮುದ್ರಣಗಳ ಆದಿ, ಅಂತ್ಯಗಳಲ್ಲಿ ಟೇಪ್ ಓಡುತ್ತಿರುವಾಗಲೇ ನಡೆಯುವ ಮಾತು ಇರುತ್ತದೆ. ಹೆಸರು ಏನು, ಯಾರಿಂದ ಕಲಿತದ್ದು, ಒಂದು ಲೋಟ ನೀರು ಕೊಡಿ, ನಾಯಿ ಬೊಗಳುತ್ತಿದೆ ಓಡಿಸಿ. ಮುದ್ರಣವನ್ನು ಅಕ್ಷರಕ್ಕೆ ಇಳಿಸುವವರು ಈ ಭಾಗವನ್ನು ಬಿಟ್ಟೇ ಬರೆದುಕೊಳ್ಳುತ್ತಾರೆ. ಕಂಪ್ಯೂಟರಿಗೆ ಹಾಕುವಾಗ ಕತ್ತರಿಸಿ ತೆಗೆಯುವುದೂ ಇದನ್ನೇ. ಉಚ್ಚಾರದ ಮಟ್ಟಿಗೆ ಹಾಡಿಗಿಂತ ಅದು ಬೆಲೆಯುಳ್ಳದ್ದು, ಕತ್ತರಿಸಬಾರದು.

ಯಕ್ಷಗಾನದ ಕ್ಯಾಸೆಟ್ಟುಗಳಲ್ಲಿ ಇನ್ನೊಂದು ಸಂದಿ ಉಂಟು. 1980ರ ದಶಕದಲ್ಲಿ ಭಾಗವತ ಕಾಳಿಂಗ ನಾವಡರ ಹಾಡಿಗಾಗಿ ಜನ ಕ್ಯಾಸೆಟ್ ಕೊಂಡರು. ರಂಗಸ್ಥಳದ ಬದಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು ಇಡೀ ರಾತ್ರಿಯ ಆಟವನ್ನು ಹಿಡಿದುಕೊಂಡ ಅಭಿಮಾನಿಗಳೂ ಇದ್ದರು. ಕನ್ನಡ ಪ್ರಸಂಗಗಳಲ್ಲಿ ರಾಜ, ಋಷಿ, ರಾಕ್ಷಸ ಎಲ್ಲರೂ ಆಡುವುದು ಇಂಗ್ಲಿಷಿನ ಸೋಂಕಿಲ್ಲದ ಗ್ರಾಂಥಿಕ ಕನ್ನಡ. ಹಾಸ್ಯಗಾರ ಮಾತ್ರ ಊರಿನ ಮಾತಾಡುತ್ತಾನೆ. ಬಡಗುತಿಟ್ಟಿನಲ್ಲಿ ಅವನ ಬಾಯಿಗೆ ಕುಂದಗನ್ನಡ ಬರುತ್ತದೆ, ತೆಂಕುತಿಟ್ಟಿನಲ್ಲಿ ತುಳುವಿನ ಒಗ್ಗರಣೆ ಬೀಳುತ್ತದೆ. ದೂತ, ಬ್ರಾಹ್ಮಣ, ಅಗಸ, ಮುದುಕಿ ಪಾತ್ರಗಳಲ್ಲಿ ಆತ ತನ್ನ ಊರಿನ ಜನರ ಉಚ್ಚಾರವನ್ನೇ ಅನುಕರಿಸುತ್ತಾನೆ. ಅನುಕರಣೆಯಲ್ಲಿ ಉತ್ಪ್ರೇಕ್ಷೆ ಇದ್ದೇ ಇರುತ್ತದೆ. ಆದರೆ ಪ್ರೇಕ್ಷಕರು ನಕ್ಕದ್ದು ಆ ರಾಗ ಅವರಿಗೆ ಗುರುತು ಸಿಕ್ಕಿತ್ತು ಎಂಬುದರಿಂದಲೇ. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯನ್ನು ವಾದದ ಸೊಗಸಿಗಾಗಿ ಕೇಳುವ ನಾವು, ಅದೇ ಟೇಪಿನ ಹಾಸ್ಯ ಪಾತ್ರವನ್ನು ಭಾಷೆಗಾಗಿ ಒಮ್ಮೆ ಕೇಳಬೇಕು.

ಒಬ್ಬರದೇ ಉಚ್ಚಾರ ಒಂದು ಜೀವಮಾನದಲ್ಲಿ ಬದಲಾಗುತ್ತದೆಯೇ? ಜೊನಾಥನ್ ಹ್ಯಾರಿಂಗ್ಟನ್ ಮತ್ತು ಜೊತೆಗಾರರು ಇಂಗ್ಲೆಂಡಿನ ಎರಡನೇ ಎಲಿಜಬೆತ್ ರಾಣಿಯ ಕ್ರಿಸ್ಮಸ್ ಭಾಷಣಗಳನ್ನು ಅಳೆದು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಕೊಟ್ಟರು. 1950ರ ದಶಕದ ರಾಣಿಯ ಸ್ವರಗಳು 1980ರ ದಶಕದ ಹೊತ್ತಿಗೆ ಸಾಮಾನ್ಯ ಜನರ ಉಚ್ಚಾರದ ಕಡೆಗೆ ಸರಿದಿದ್ದವು. ಇಂಥ ಪರೀಕ್ಷೆಗೆ ಉಡುಪಿಯಲ್ಲಿ ಬೇಕಾದ ಸಾಮಗ್ರಿ ಉಂಟು. ಪೇಜಾವರ ಮಠದ ವಿಶ್ವೇಶತೀರ್ಥರು 1952, 1968, 1984, 2000, 2016ರಲ್ಲಿ ಕೃಷ್ಣಮಠದ ಐದು ಪರ್ಯಾಯ ನಡೆಸಿದವರು. ಮನೆಮಾತು ತುಳು, ಸಭೆಯ ಮಾತು ಕನ್ನಡ, ದಿನವೂ ಭಾಷಣ. ಅವರ ಕೊನೆಯ ಕೆಲವು ದಶಕಗಳ ಮಾತು ಟೇಪಿನಲ್ಲೂ ಟೀವಿಯಲ್ಲೂ ಧಾರಾಳ. ಬನ್ನಂಜೆ ಗೋವಿಂದಾಚಾರ್ಯರ ಪ್ರವಚನಗಳಂತೂ ಕ್ಯಾಸೆಟ್ ಕಾಲದಿಂದ ಯೂಟ್ಯೂಬ್ ಕಾಲದವರೆಗೆ ಹರಡಿವೆ. ಅದೇ ಶಬ್ದ, ಅದೇ ಬಗೆಯ ಸಭೆ, ಬೇರೆ ಬೇರೆ ವರ್ಷ. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ, ಸ್ವರದ ಅಲೆಗಳನ್ನು ಅಳೆಯುವ ಉಪಕರಣವೂ ತಿಳಿವಳಿಕೆಯೂ ಅಲ್ಲಿಯೇ ಇದೆ. ಎಂಜಿಎಂನ ಟೇಪುಗಳಿಗೂ ಮಣಿಪಾಲದ ಪ್ರಯೋಗಾಲಯಕ್ಕೂ ನಡುವೆ ಇರುವುದು ಕೆಲವೇ ಕಿಲೋಮೀಟರು.

ಹಾಗಾದರೆ ಬದಲಾದದ್ದು ಏನು? ಶಬ್ದ ಬದಲಾಗುವುದು ಬೇರೆ, ಉಚ್ಚಾರ ಬದಲಾಗುವುದು ಬೇರೆ, ನಮ್ಮ ದೂರುಗಳಲ್ಲಿ ಇವೆರಡೂ ಕಲಸಿಹೋಗಿವೆ. ಉಡುಪಿಯ ಹುಡುಗರು 'ಉಂಟು' ಬಿಟ್ಟು 'ಇದೆ' ಎನ್ನುವುದು, 'ಎಂತ' ಬಿಟ್ಟು 'ಏನು' ಎನ್ನುವುದು ಶಬ್ದದ ಮಾತು. 'ಬರುತ್ತೇನೆ' ಎಂದು ಪ್ರತಿ ಅಕ್ಷರಕ್ಕೂ ಜಾಗ ಕೊಡುತ್ತಿದ್ದ ಕರಾವಳಿ ಕನ್ನಡ ಟೀವಿಯ ಪ್ರಭಾವದಲ್ಲಿ 'ಬರ್ತೀನಿ' ಎಂದು ಮಡಚಿಕೊಳ್ಳುವುದು ಹೆಚ್ಚು ಒಳಗಿನ ಬದಲಾವಣೆ, ಏಕೆಂದರೆ ಅಲ್ಲಿ ಮಾತಿನ ತಾಳವೇ ಬೇರೆಯಾಗುತ್ತದೆ. ಅನೇಕರಿಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಇದ್ದು ಕನ್ನಡ ಶಾಲೆಯಿಂದ ಬಂದದ್ದರಿಂದ ಇಲ್ಲಿನ ಕನ್ನಡಕ್ಕೆ ಪುಸ್ತಕದ ಭಾಷೆಯ ನಿಲುವು ಬಂದಿತ್ತು. ಈಗ ಕನ್ನಡ ಶಾಲೆಗಿಂತ ಮೊದಲೇ ಪರದೆಯಿಂದ ಬರುತ್ತದೆ. ಶಿವಳ್ಳಿ ತುಳುವಿನ ಮನೆಗಳ ಯುವಕರು ಗೆಳೆಯರ ಜೊತೆ ಸಾಮಾನ್ಯ ತುಳುವಿಗೆ ಹೊರಳುವುದನ್ನು, ಮನೆಗೆ ಬಂದರೂ ಕೆಲವೊಮ್ಮೆ ಅದರಲ್ಲೇ ಉಳಿಯುವುದನ್ನು ಯಾರಾದರೂ ಗಮನಿಸಬಹುದು. ಕಾರ್ಕಳ ಪೇಟೆಯಲ್ಲಿ ಜೈನರ 'ಹಾದಿ' ಕೇಳಿಸುವುದು ಮೊದಲಿಗಿಂತ ಕಡಿಮೆ. ಜಾತಿಯ ಗುರುತು ಉಚ್ಚಾರದಲ್ಲಿ ಮಾಸುವುದರಲ್ಲಿ ನನಗೆ ಕೊರಗಬೇಕಾದದ್ದೇನೂ ಕಾಣುವುದಿಲ್ಲ. ಒಬ್ಬರು ಬಾಯಿ ತೆರೆದ ಕೂಡಲೇ ಅವರ ಕೇರಿಯನ್ನು ಲೆಕ್ಕ ಹಾಕುತ್ತಿದ್ದ ಕಾಲ ಹಿತವಾದ ಕಾಲವಾಗಿರಲಿಲ್ಲ. ಆದರೆ ಮಾಸುವ ಮೊದಲು ಅದರ ದಾಖಲೆ ಇರಬೇಕು. 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದವರು 18 ಲಕ್ಷಕ್ಕೂ ಮೇಲೆ. ಭಾಷೆ ನಾಳೆಯೇ ಹೋಗುವುದಿಲ್ಲ. ಅದರೊಳಗಿನ ಬಗೆಗಳು ಮಾತ್ರ ಬೇಗ ಹೋಗುತ್ತಿವೆ. ಕೊರಗರ ಭಾಷೆ, ಕುಡುಬಿಯರ ಕೊಂಕಣಿ, ಕಾಪುವಿನ ಬ್ಯಾರಿಯ ದಿನದ ಮಾತು ಟೇಪಿನಲ್ಲಿ ಸಿಗುವುದು ಇನ್ನೂ ಕಡಿಮೆ.

ಪಟ್ಟಾಂಗ ಎಲ್ಲೂ ಮುದ್ರಣವಾಗಿಲ್ಲ ಎಂದೆನಲ್ಲ, ಒಂದು ಕಡೆ ಆಗಿದೆ. 1970ರ ದಶಕದ ಕೊನೆಯಲ್ಲಿ, 80ರ ದಶಕದಲ್ಲಿ ಕರಾವಳಿಯಿಂದ ಗಲ್ಫಿಗೆ ಹೋದವರ ಮನೆಗಳಲ್ಲಿ ಕಾಗದದ ಬದಲು ಕ್ಯಾಸೆಟ್ ಕಳಿಸುವ ರೂಢಿ ಇತ್ತು. ಟ್ರಂಕ್ ಕಾಲ್ ದುಬಾರಿ, ತಾಯಿಗೆ ಬರೆಯಲು ಬಾರದು. ರಜೆ ಮುಗಿಸಿ ಹೊರಟ ಊರಿನವರ ಕೈಯಲ್ಲಿ ಅರವತ್ತು ನಿಮಿಷದ ಕ್ಯಾಸೆಟ್ ಹೋಗುತ್ತಿತ್ತು. ಅಮ್ಮ ಮಾತಾಡುತ್ತಾರೆ, ಮಧ್ಯೆ ಅಳುತ್ತಾರೆ, ಪಕ್ಕದ ಮನೆಯಾಕೆ ಬಂದು ಎರಡು ಮಾತು ಸೇರಿಸುತ್ತಾರೆ, ಮಗುವಿನ ಕೈಯಲ್ಲಿ ಶಾಲೆಯ ಪದ್ಯ ಹೇಳಿಸುತ್ತಾರೆ, ಹಸು ಕರು ಹಾಕಿದ ಸುದ್ದಿ, ಗದ್ದೆಯ ಜಗಳದ ಸುದ್ದಿ. ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡ ಎಲ್ಲದರಲ್ಲೂ. ಯಾವ ಸಂಶೋಧಕರಿಗೂ ಸಿಗದ ಮಾತು ಅಲ್ಲಿ ಮೂರು ತಲೆಮಾರಿನ ಬಾಯಲ್ಲಿ, ತೇದಿಯ ಸಮೇತ, ತನ್ನಷ್ಟಕ್ಕೆ ದಾಖಲಾಗಿದೆ. ಅವುಗಳ ಮೇಲೆಯೇ ಮುಂದೆ ಸಿನಿಮಾ ಹಾಡು ತುಂಬಿಸಿಕೊಂಡವರು ಬಹಳ. ಉಳಿದವು ಅಟ್ಟದ ಪೆಟ್ಟಿಗೆಗಳಲ್ಲಿವೆ.

ಅಟ್ಟ ಅವುಗಳಿಗೆ ಸರಿಯಾದ ಜಾಗವಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಜೂನ್ ತಿಂಗಳಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹತ್ತುತ್ತದೆ, ಹಾಗೆಯೇ ಪ್ಲೇಯರಿಗೆ ಹಾಕಿದರೆ ಹೆಡ್ಡಿಗೂ ಅಂಟಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಒತ್ತಿಹಿಡಿಯುವ ಸಣ್ಣ ಫೆಲ್ಟ್ ಬಿಲ್ಲೆ ಕಳಚಿ ಬಿದ್ದಿದ್ದರೆ ಧ್ವನಿ ಮಂಕಾಗುತ್ತದೆ, ಎಲ್ಲಕ್ಕಿಂತ ಮೊದಲು ಹೋಗುವುದು ಅದೇ ಸಕಾರದ ಸೀಟಿ. ಬಿಲ್ಲೆ ಬದಲಾಯಿಸಬಹುದು, ಟೇಪನ್ನು ಬೇರೆ ಚಿಪ್ಪಿಗೆ ಹಾಕಬಹುದು, ಎಲ್ಲಕ್ಕೂ ಕೈಯ ತಾಳ್ಮೆ ಬೇಕು, ಓಡುವ ಒಂದು ಒಳ್ಳೆಯ ಡೆಕ್ ಬೇಕು. ಅಂಥ ಡೆಕ್ ರಿಪೇರಿ ಮಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಎಂಪಿತ್ರೀ ಮಾಡಿ ಮುಗಿಸುವುದೂ ಸಾಲದು, ಅದು ಮೇಲಿನ ಕಂಪನಗಳನ್ನು ಕತ್ತರಿಸುತ್ತದೆ. ವೇವ್ ಫೈಲಿನಲ್ಲಿ ಪೂರ್ತಿಯಾಗಿ ಇಡಬೇಕು. ಜೊತೆಗೆ ಒಂದು ಚೀಟಿ: ಮಾತಾಡಿದವರ ಹುಟ್ಟಿದ ಗ್ರಾಮ, ಅಂದಾಜು ಹುಟ್ಟಿದ ವರ್ಷ, ಮನೆಮಾತು, ಮದುವೆಯಾಗಿ ಬಂದದ್ದಾದರೆ ತವರು ಯಾವುದು, ಎಷ್ಟು ಓದಿದ್ದು, ಮುಂಬೈ ಅಥವಾ ಗಲ್ಫಿನಲ್ಲಿ ಎಷ್ಟು ವರ್ಷ. ಮನೆಯ ಖಾಸಗಿ ಮಾತಾದ್ದರಿಂದ ಯಾರು ಕೇಳಬಹುದು, ಎಂದಿನಿಂದ ಕೇಳಬಹುದು ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು, ಅದೂ ಚೀಟಿಯಲ್ಲಿ ಇರಬೇಕು.

ಎಂಜಿಎಂನಂಥ ಸಂಸ್ಥೆಯೋ ಮಣಿಪಾಲದ ವಿಶ್ವವಿದ್ಯಾಲಯವೋ ವರ್ಷದಲ್ಲಿ ಒಂದೆರಡು ದಿನ ಕಾಪು, ಕಾರ್ಕಳ, ಉಡುಪಿಗಳಲ್ಲಿ ಕ್ಯಾಸೆಟ್ ಶಿಬಿರ ನಡೆಸಿ, ಜನ ತಂದದ್ದನ್ನು ಅವರ ಎದುರಿಗೇ ಪ್ರತಿ ಮಾಡಿ ಮೂಲವನ್ನು ಅವರಿಗೇ ಹಿಂತಿರುಗಿಸಿದರೆ ಕೆಲಸ ಶುರುವಾಗುತ್ತದೆ. ಅದೇ ದಿನ, ಕ್ಯಾಸೆಟ್ಟಿನಲ್ಲಿ ಶಾಲೆಯ ಪದ್ಯ ಹೇಳಿದ್ದ ಮಗು ಈಗ ಐವತ್ತರ ಹತ್ತಿರ ಬಂದು ಎದುರು ಕೂತಿದ್ದರೆ, ಅವರ ಇವತ್ತಿನ ಮಾತನ್ನೂ ಅರ್ಧ ಗಂಟೆ ಮುದ್ರಿಸಿಕೊಳ್ಳಬೇಕು.